ಹುಳ ಜ್ವರಕ್ಕೆ ಕೂತ ದಿನ

ನಮ್ಮ ಅತ್ತೆಯವರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತು ಉಗುರುಗಳಂತಿರಲಿಲ್ಲ. ಅದನ್ನು ಅವರು ಬೇಕೆಂದೇ ಉದ್ದ ಬಿಟ್ಟಿದ್ದರು. ಹಿಪ್ಪುನೇರಳೆ ಸೊಪ್ಪನ್ನು ಆ ಉಗುರಿನಲ್ಲೇ ಟಕ್ ಟಕ್ ಎಂದು ಚಿವುಟುತ್ತಿದ್ದುದರಿಂದ ಅದು ವರ್ಷವಿಡೀ ಕಪ್ಪುಹಸಿರಾಗಿರುತ್ತಿತ್ತು. ಸೀಗೆಪುಡಿ ಹಾಕಿ ತಿಕ್ಕಿದರೂ ಆ ಬಣ್ಣ ಹೋಗದು, ಗೌರಿ ಹಬ್ಬಕ್ಕೆ ಅರಿಶಿನ ಹಚ್ಚಿದರೂ ಮುಚ್ಚದು. ಮದುವೆ ಮನೆಗಳಲ್ಲಿ ಅವರು ಬಡಿಸಲು ನಿಂತರೆ ಪಂಕ್ತಿಯಲ್ಲಿ ಕೂತವರು ಮೊದಲು ಉಗುರು ನೋಡಿ, ಆಮೇಲೆ ಮುಖ ನೋಡುತ್ತಿದ್ದರು. “ಏನಪ್ಪ ಹಂಗ್ ನೋಡ್ತೀಯ? ಸಾರು ಹಾಕ್ಲೋ ಬೇಡ್ವೋ? ಉಗುರು ನಂದು, ಸಾರು ಮದುವೆ ಮನೇದು,” ಎಂದು ಅತ್ತೆ ಸೌಟು ಎತ್ತಿ ಹಿಡಿದೇ ಕೇಳುತ್ತಿದ್ದರು. ಪಂಕ್ತಿಗೆ ಪಂಕ್ತಿಯೇ ನಗುತ್ತಿತ್ತು.

ಹೋದ ತಿಂಗಳು ನೀವೆಲ್ಲ ಮಳೆಯಲ್ಲಿ ಹೋಗಿ ನೋಡಿ ಬಂದ ನೀರನ್ನು ಫೋನಿನಲ್ಲಿ ನನಗೆ ತೋರಿಸಿದಿರಿ. ನೀವು ಅದನ್ನು ಜರಮಡಗು ಜಲಪಾತ ಅಂದಿರಿ. ನಮ್ಮ ಕಾಲದಲ್ಲಿ ಅದು ಬರೀ ಜರಿ. “ಅಜ್ಜಿ, ನೀನು ಇದನ್ನ ನೋಡಿದೀಯಾ?” ಎಂದು ಕೇಳಿದಿರಿ. ನಾನು “ಹೂಂ” ಅಂದೆ. ನೀವು ಫೋನು ಪಕ್ಕಕ್ಕಿಟ್ಟು ಊಟಕ್ಕೆ ಎದ್ದಿರಿ. ಆಮೇಲೆ ನನಗೆ ಬಹಳ ನಾಚಿಕೆಯಾಯಿತು. ಬರೀ ಹೂಂ ಅಂದು ಸುಮ್ಮನಾಗಬಾರದು ಎಂದು ನಾನು ಕಲಿತದ್ದೇ ಆ ಜರಿಯ ಕೆಳಗೆ ನಿಂತು. ಕಲಿಸಿದವರು ನಮ್ಮ ಅತ್ತೆ, ನಿಮ್ಮ ಮುತ್ತಜ್ಜಿ. ಎದುರಿಗೆ ಕೂತು ಹೇಳಲು ನನಗೆ ಈಗಲೂ ಸಂಕೋಚ. ಹಳ್ಳಿ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇದೆಯಲ್ಲ, ಅದರಲ್ಲೇ ಬರೆಯುತ್ತೇನೆ.

ನನ್ನ ತವರು ದಿಬ್ಬೂರಹಳ್ಳಿಯ ಕಡೆ. ಮದುವೆಯಾಗಿ ಪೆರೇಸಂದ್ರದ ಪಡುವಣಕ್ಕಿರುವ ಈ ಹಳ್ಳಿಗೆ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ಆಗ ನನಗೆ ಮಾತೇ ಬರುತ್ತಿರಲಿಲ್ಲ ಅನ್ನಬೇಕು. ಮಾವನವರ ಮುಂದೆ ಬಾಯಿ ಬಿಟ್ಟದ್ದೇ ಇಲ್ಲ. ಅತ್ತೆ ಕೇಳಿದ್ದಕ್ಕೆ ಹೂಂ, ಇಲ್ಲವೇ ಊಹೂಂ. ನಿಮ್ಮ ತಾತನ ಜೊತೆ ಕೂಡ ಪಿಸುಮಾತೇ. ಒಂದೂವರೆ ವರ್ಷ ಹೀಗೇ ಕಳೆಯಿತು. ಅತ್ತೆ ಒಂದು ದಿನ ಬೀದಿಯವರೆಲ್ಲ ಕೇಳುವಂತೆ, “ನಮ್ಮನೆಗೆ ಸೊಸೆ ಬಂದ್ಲೋ ಇಲ್ಲಾ ರೇಷ್ಮೆ ಹುಳ ಬಂತೋ ಗೊತ್ತಾಗ್ತಿಲ್ಲ. ಹುಳನಾದ್ರೂ ತಿನ್ನೋವಾಗ ಸದ್ದು ಮಾಡ್ತದೆ ಕಣ್ರೇ!” ಅಂದರು.

ಅವರ ಗಂಟಲು ದೊಡ್ಡದು. ಅದಕ್ಕೆ ಕಾರಣವಿತ್ತು. ಅವರ ತವರು ಕೈವಾರದ ಹತ್ತಿರ, ಅಲ್ಲಿ ಮನೆಯಲ್ಲೇ ರೇಷ್ಮೆ ನೂಲು ಬಿಚ್ಚುವ ಚರಕಗಳಿದ್ದವು. ಇಡೀ ದಿನ ಗಡಗಡ ಸದ್ದಿನ ನಡುವೆ ಕೆಲಸ ಮಾಡಿ ಬೆಳೆದವರು. ಮಾತಾಡಿದರೆ ಕೂಗಿ ಮಾತಾಡಬೇಕು. ಕೂಗು ಕೇಳದಿದ್ದರೆ ಎದುರಿನವರ ತುಟಿ ನೋಡಿಯೇ ತಿಳಿದುಕೊಳ್ಳಬೇಕು. ಕೆರೆಯ ಆಚೆ ದಡದಲ್ಲಿ ಇಬ್ಬರು ಹೆಂಗಸರು ಮಾತಾಡುತ್ತಿದ್ದರೆ ಈಚೆ ದಡದಲ್ಲಿ ಬಟ್ಟೆ ಒಗೆಯುತ್ತಾ ಅತ್ತೆ ಅದನ್ನು ನಮಗೆ ಓದಿ ಹೇಳುತ್ತಿದ್ದರು. ಖುಷಿಯಾದಾಗ ಅವರ ಬಾಯಲ್ಲಿ ತವರಿನ ತೆಲುಗು ಬಂದುಬಿಡುತ್ತಿತ್ತು. ಎಲ್ಲಿಗಾದರೂ ಹೊರಟರೆ “ಹೋಗಣ ನಡೀರಿ” ಅನ್ನುವ ಬದಲು “ಪದಂಡೇ ಪದಂಡೇ” ಎನ್ನುತ್ತಾ ಚಪ್ಪಾಳೆ ತಟ್ಟುವರು. ಆದರೆ ಹೊರಡುವುದು ಎಲ್ಲಿಗೆ? ಹುಳ ಸಾಕುವ ಮನೆಯ ಹೆಂಗಸಿಗೆ ತವರಿನ ಮದುವೆಗೂ ಬಿಡುವಿರುತ್ತಿರಲಿಲ್ಲ.

ನಿಮಗೆ ಹುಳದ ವಿಷಯ ಸ್ವಲ್ಪ ಹೇಳಬೇಕು. ಈಗ ಅದಕ್ಕೆ ಬೇರೆ ಶೆಡ್ಡು ಇದೆ. ಆಗ ನಡುಮನೆಯಲ್ಲೇ ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಸಾಕುತ್ತಿದ್ದೆವು. ಹುಳ ಮನೆಯಲ್ಲಿದ್ದಷ್ಟು ದಿನ ಘಾಟಿನ ಒಗ್ಗರಣೆ ಹಾಕುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ, ಸ್ನಾನ ಮಾಡದೆ ನಾವು ತಟ್ಟೆ ಮುಟ್ಟುವಂತಿಲ್ಲ. ನಮ್ಮ ಮನೆಯಲ್ಲಿ ತೋಟ ಗಂಡಸರದು, ತಟ್ಟೆ ಹೆಂಗಸರದು. ಗಂಡಸರು ತಟ್ಟೆಗಳತ್ತ ತಿರುಗಿಯೂ ನೋಡುತ್ತಿರಲಿಲ್ಲ. ದಿನಕ್ಕೆ ಐದು ಸಲ ಸೊಪ್ಪು, ಹಿಕ್ಕೆ ತೆಗೆಯುವುದು, ತಟ್ಟೆ ಬದಲಿಸುವುದು, ಇದರಲ್ಲಿ ನಮಗೆ ಸೂರ್ಯ ಹುಟ್ಟಿದ್ದೂ ಮುಳುಗಿದ್ದೂ ತಿಳಿಯುತ್ತಿರಲಿಲ್ಲ.

ಆದರೆ ಗೂಡು ಕಟ್ಟುವ ಮೊದಲು ಹುಳ ನಾಲ್ಕು ಸಲ ಚರ್ಮ ಬಿಡುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಜ್ವರಕ್ಕೆ ಕೂತ ಹುಳ ತಲೆ ಎತ್ತಿಕೊಂಡು ಕಲ್ಲಿನ ಹಾಗೆ ನಿಂತುಬಿಡುತ್ತದೆ. ತಿನ್ನುವುದಿಲ್ಲ, ಅಲುಗುವುದಿಲ್ಲ. ನಾಲ್ಕನೇ ಜ್ವರ ಒಂದು ಹಗಲು, ಒಂದು ರಾತ್ರಿ, ಕೆಲವು ಸಲ ಇನ್ನೂ ಸ್ವಲ್ಪ ಹೆಚ್ಚು. ಅಷ್ಟು ಹೊತ್ತು ಮನೆಯಲ್ಲಿ ಸೊಪ್ಪಿನ ಕೆಲಸವಿಲ್ಲ. ಹುಳ ಎದ್ದ ಮೇಲೆ ಮಾತ್ರ ಬೆಂಕಿ ಬಿದ್ದ ಹಾಗೆ ಹಸಿವು. ಆಗ ಒಂದು ಹೊತ್ತು ತಡವಾದರೂ ಹುಳ ಸೋತು ತಟ್ಟೆಯ ಅಂಚಿಗೆ ಹರಿದು ಕೆಳಗೆ ಬೀಳುತ್ತವೆ, ಇರುವೆ ಪಾಲಾಗುತ್ತವೆ, ಉಳಿದವೂ ಸರಿಯಾಗಿ ಗೂಡು ಕಟ್ಟುವುದಿಲ್ಲ.

ಉತ್ತರೆ ಮಳೆ ಹುಯ್ದು ಜರಿ ಬೀಳಬೇಕು, ಅದೇ ಹೊತ್ತಿಗೆ ಹುಳ ನಾಲ್ಕನೇ ಜ್ವರಕ್ಕೆ ಕೂರಬೇಕು. ಎರಡೂ ಕೂಡಿ ಬಂದ ದಿನ ಅತ್ತೆ ಮನೆಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಜರಿಗೆ ಹೋಗುತ್ತಿದ್ದರು. ಅವರು ಸೊಸೆಯಾಗಿ ಬಂದ ವರ್ಷ ಅವರ ಅತ್ತೆ ಹೀಗೇ ಕರೆದುಕೊಂಡು ಹೋಗಿದ್ದರಂತೆ. ವರ್ಷದಲ್ಲಿ ಅವರದೇ ಅನ್ನುವ ದಿನ ಅದೊಂದೇ. ನಾನು ಬಂದ ಮೊದಲ ವರ್ಷ ಮಳೆ ಕೈಕೊಟ್ಟಿತು, ಜರಿ ಬೀಳಲಿಲ್ಲ. ಎರಡನೇ ವರ್ಷ ಗುಡ್ಡದ ಕಡೆಯಿಂದ ಸೀತಾಫಲ ಮಾರಲು ಬಂದ ಹೆಂಗಸು ಬುಟ್ಟಿ ಇಳಿಸುವ ಮೊದಲೇ, “ಅಮ್ಮೋ, ಜರಿ ಬಿದ್ದೈತೆ! ಈ ಸಲ ಎರಡೂ ಕಡೆಯಿಂದ ಬೀಳ್ತೈತೆ, ಅರ್ಧ ಮೈಲಿಗೆ ಸದ್ದು ಕೇಳ್ತೈತೆ!” ಎಂದು ಕೂಗಿದಳು. ಅತ್ತೆ ಹಣ್ಣನ್ನು ಮರೆತು ಒಳಗೆ ಓಡಿ ತಟ್ಟೆ ನೋಡಿದರು. “ಇನ್ನು ಮೂರು ದಿನಕ್ಕೆ ಜ್ವರ. ತಡ್ಕೊಳ್ಳೋ ಜರಿಯಪ್ಪ, ಮೂರೇ ದಿನ!” ಎಂದರು.

ಆ ಮೂರು ದಿನ ಮನೆಯಲ್ಲಿ ಹಬ್ಬ. ವಾರಗಿತ್ತಿಯನ್ನು, ಅಂದರೆ ನಿಮ್ಮ ದೊಡ್ಡಜ್ಜಿಯನ್ನು, ನಾನು ಅಕ್ಕ ಎನ್ನುತ್ತಿದ್ದೆ. ಅವರು ಹುಚ್ಚೆಳ್ಳು ಚಟ್ನಿಪುಡಿ ಕುಟ್ಟಿದರು. ಆಗಷ್ಟೇ ಗೌರಿಬಿದನೂರಿನಿಂದ ಸಂಬಂಧ ಬಂದಿದ್ದ ಹದಿನಾರು ವರ್ಷದ ನಾದಿನಿ ಅಂಗಳದಲ್ಲಿ ನಿಂತು ಮೋಡ ಎಣಿಸಿದಳು. ಪಕ್ಕದ ಮನೆಯ ಇಬ್ಬರು ಹೆಂಗಸರು ತಾವೂ ಬರುತ್ತೇವೆಂದು ಎರಡೆರಡು ಸಲ ಹೇಳಿ ಹೋದರು. ನಾನು ಹುಟ್ಟಿದ್ದು ಬಯಲು ಸೀಮೆಯ ಕಲ್ಲು ದಿಣ್ಣೆಯಲ್ಲಿ. ನೀರು ಮೇಲಿನಿಂದ ಬೀಳುವುದನ್ನು ಬಾವಿಯ ಕಪಿಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಹೊರಗೆ ಬಾಯಿ ಬಿಡದಿದ್ದರೂ ಹೊಟ್ಟೆಯೊಳಗೆ ನಾನು ಕುಣಿಯುತ್ತಿದ್ದೆ.

ಮಾವನವರಿಗೆ ಮಾತ್ರ ಇದು ಹಿಡಿಸಿರಲಿಲ್ಲ. ಎರಡು ವರ್ಷದ ಹಿಂದೆ ಮಳೆಗಾಲದ ಹುಳದ ಬೆಳೆ ಪೂರ್ತಿ ಕೊಳೆತು ತಿಪ್ಪೆಗೆ ಹೋಗಿತ್ತು. ಜಗಲಿಯ ಮೇಲೆ ಕೂತು ಅವರು ಅತ್ತೆಯ ಮುಖ ನೋಡದೆ ಹೇಳಿದರು: “ಹೋಗ್ಬನ್ನಿ. ಬೇಡ ಅನ್ನಲ್ಲ. ದೀಪ ಹಚ್ಚೋ ಹೊತ್ತಿಗೆ ಮನೇಲಿರ್ಬೇಕು. ಒಂದು ತಟ್ಟೆ ಹುಳ ಕೆಟ್ರೂ ಈ ಮನೇಲಿ ಇನ್ಮೇಲೆ ಯಾರೂ ಜರಿ ಹೆಸರೆತ್ತಕೂಡ್ದು.” ಅತ್ತೆ ಏನೂ ಅನ್ನಲಿಲ್ಲ. ಅವರು ಏನೂ ಅನ್ನದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೊರಡುವ ಹಿಂದಿನ ಸಂಜೆ ಅತ್ತೆ ಗಾಡಿಗೆ ಹುಲ್ಲು ಹಾಸುತ್ತಿದ್ದರು. ಅಲ್ಲಿಂದಲೇ ಕೂಗಿ ಕೇಳಿದರು: “ಎಲ್ಲಾ ಕೂತ್ವೇನೇ?”

ನಾನು ತಟ್ಟೆಗಳ ಮುಂದೆ ನಿಂತಿದ್ದೆ. ಎಲ್ಲವೂ ಕೂತಿದ್ದವು, ಅದು ನಿಜ. ಆದರೆ ಗೋಡೆಯ ಮೂಲೆಯಲ್ಲಿದ್ದ ನಾಲ್ಕು ತಟ್ಟೆಯ ಹುಳ ಮಧ್ಯಾಹ್ನವೇ ಕೂತಿದ್ದವು. ಆ ಮೊಟ್ಟೆ ಬೇರೆ ಕಡೆಯಿಂದ ತಂದದ್ದು, ಅರ್ಧ ದಿನ ಮೊದಲೇ ಒಡೆದಿದ್ದವು. ಮಧ್ಯಾಹ್ನ ನಾನು ಹಾಕಿದ ಸೊಪ್ಪನ್ನು ಅವು ಮುಟ್ಟದೆ ಬಿಟ್ಟದ್ದನ್ನು ನಾನೊಬ್ಬಳೇ ಕಂಡಿದ್ದೆ. ಉಳಿದವು ಏಳುವುದು ನಾಳಿದ್ದು ಬೆಳಗಿಗೆ. ಇವು ನಾಳೆ ಸಂಜೆಗೆ ಮೊದಲೇ ಏಳುತ್ತವೆ. ಹೇಳಬೇಕಿತ್ತು. ಹೇಳಿದರೆ ಯಾರಾದರೂ ಒಬ್ಬರು ಉಳಿಯಬೇಕಾಗುತ್ತಿತ್ತು, ಆ ಒಬ್ಬರು ನಾನೇ ಆಗುತ್ತಿದ್ದೆ. ಮೊದಲೇ ಮಾತಾಡಲು ಹೆದರಿಕೆ, ಮೇಲೆ ಈ ಆಸೆ.

“ಹೂಂ,” ಅಂದೆ.

ಬೆಳಕು ಹರಿಯುವ ಮೊದಲೇ ಹೊರಟೆವು. ಆರು ಮೈಲಿ ದಾರಿ. ಕೆರೆ ಏರಿ ದಾಟುವವರೆಗೆ ನಿಮ್ಮ ತಾತ ಗಾಡಿ ಹೊಡೆದುಕೊಂಡು ಬಂದರು. ಅದು ಊರವರಿಗೆ ತೋರಿಸಲು. ಏರಿ ದಾಟಿದ ಕೂಡಲೇ ಅತ್ತೆ, “ಇಳಿಯಪ್ಪ ಇನ್ನು. ನಿಂಗೆ ತೋಟದ ಕೆಲ್ಸ ಇಲ್ವಾ?” ಎಂದು ಮಗನನ್ನು ಕೆಳಗಿಳಿಸಿ ತಾವೇ ಗಾಡಿಯ ಮುಂದಿನ ಮೂಕಿಯ ಮೇಲೆ ಕೂತು ಹಗ್ಗ ಹಿಡಿದರು. ಹೆಂಗಸು ಗಾಡಿ ಹೊಡೆಯುವುದನ್ನು ನಾನು ಕಂಡದ್ದು ಆವತ್ತು. ಸೆರಗನ್ನು ಸೊಂಟಕ್ಕೆ ಬಿಗಿದು, ಎತ್ತುಗಳ ಬಾಲ ಸವರಿ, “ಪದಂಡೇ ಪದಂಡೇ!” ಎಂದರೆ ಎತ್ತಿಗೂ ತೆಲುಗು ಬರುತ್ತಿತ್ತೇನೋ, ಕಿವಿ ನಿಮಿರಿಸಿ ಓಡಿದವು. ಗಾಡಿಯ ಕಮಾನಿನೊಳಗೆ ನಾವು ಐದು ಜನ ಒಬ್ಬರ ಮೇಲೊಬ್ಬರು ಬಿದ್ದು ನಕ್ಕೆವು. ಬುತ್ತಿಯ ತಪ್ಪಲೆ ಒಂದು ಕಡೆ, ಒಣಗಿದ ಸೀರೆಗಳ ಗಂಟು ಒಂದು ಕಡೆ. ಜರಿಯಲ್ಲಿ ನೆಂದ ಮೇಲೆ ಉಡಲು ಎಲ್ಲರೂ ಒಳ್ಳೊಳ್ಳೆಯ ಸೀರೆ ತಂದಿದ್ದರು. ನನ್ನದು ಮದುವೆಗೆ ತವರಿನಲ್ಲಿ ಕೊಟ್ಟ ಕೆನೆ ಬಣ್ಣದ ಸೀರೆ.

ಗುಡ್ಡದ ಬುಡದಲ್ಲಿ ಎತ್ತು ಬಿಚ್ಚಿ ಕಟ್ಟಿ ನಡೆದೆವು. ಮೊದಲು ಬಂದದ್ದು ಸದ್ದು. ಚರಕದ ಸದ್ದಲ್ಲ, ಮಳೆಯ ಸದ್ದಲ್ಲ. ಕಾಲ ಕೆಳಗಿನ ಬಂಡೆಯಿಂದ ಹತ್ತಿ ಎದೆಗೆ ಬರುವ ಸದ್ದು. ಲಂಟಾನದ ಪೊದೆ ಸರಿಸಿ ಬಂಡೆ ಹತ್ತಿದರೆ, ಅಯ್ಯೋ ಮಕ್ಕಳೇ, ನಾನು ಅಲ್ಲೇ ಕೂತುಬಿಟ್ಟೆ! ಕರಿಬಂಡೆಯ ನೆತ್ತಿಯಿಂದ ನೀರು ಬೆಳ್ಳಗೆ ಹುಚ್ಚೆದ್ದು ಬೀಳುತ್ತಿತ್ತು. ಕೆಳಗೆ ಬಿದ್ದದ್ದು ಹೊಗೆಯಾಗಿ ಮತ್ತೆ ಮೇಲೇಳುತ್ತಿತ್ತು. ಆವತ್ತೂ ಜನ ಇದ್ದರು. ಚಿಕ್ಕಬಳ್ಳಾಪುರದಿಂದ ಸೈಕಲ್ಲಿನಲ್ಲಿ ಬಂದ ಹುಡುಗರು, ಗೌರಿಬಿದನೂರಿನ ಕಡೆಯಿಂದ ನಡೆದು ಬಂದ ಸಂಸಾರಗಳು, ಮೂರು ಕಲ್ಲು ಹೂಡಿ ಕಡಲೆಕಾಯಿ ಬೇಯಿಸಿ ಮಾರುತ್ತಿದ್ದ ಒಬ್ಬ ಮುದುಕಿ. ಎಲ್ಲರ ಬಾಯಿ ಆಡುತ್ತಿತ್ತು, ಯಾರ ಮಾತೂ ಕೇಳುತ್ತಿರಲಿಲ್ಲ.

ಅತ್ತೆ ನಮ್ಮನ್ನು ಹೆಂಗಸರು ಮಾತ್ರ ಇದ್ದ ಪಕ್ಕದ ಸಣ್ಣ ಜರಿಗೆ ಎಳೆದುಕೊಂಡು ಹೋದರು. ನೀರಿನ ಕೆಳಗೆ ತಲೆಯೊಡ್ಡಿ ನಿಂತರು. ಮನೆಯಲ್ಲಿ ಕಾಲು ಸದ್ದಾದರೂ ಹುಳ ಬೆದರುತ್ತದೆ ಎಂದು ಬೈಯುತ್ತಿದ್ದ ಅತ್ತೆ, ತುರುಬು ಬಿಚ್ಚಿಹೋಗಿ, ಕುಂಕುಮ ಮೂಗಿನವರೆಗೆ ಇಳಿದು, ಎರಡು ಕೈಯಲ್ಲೂ ನೀರು ಬಾಚಿ ನಮ್ಮ ಮುಖಕ್ಕೆ ಎರಚುತ್ತಾ ಕುಣಿಯುತ್ತಿದ್ದರು. ನೀರು ನನ್ನ ಬೆನ್ನಿಗೆ ಬಿದ್ದಾಗ ಯಾರೋ ಕಡಲೆಕಾಯಿ ಮೂಟೆ ಸುರಿದ ಹಾಗಾಯಿತು. ಉಸಿರು ಸಿಕ್ಕಿಹಾಕಿಕೊಂಡಿತು. ಆಮೇಲೆ ಬಿಡಲು ಮನಸ್ಸೇ ಆಗಲಿಲ್ಲ.

ಅಲ್ಲಿ ನಮ್ಮ ಮನೆಯ ಹೆಂಗಸರದ್ದೊಂದು ಪದ್ಧತಿ ಇತ್ತು. ನೀರಿಗೆ ಮುಖ ಕೊಟ್ಟು, ಮನೆಯಲ್ಲಿ ಹೇಳಲಾಗದ ಒಂದು ಮಾತನ್ನು ಕೂಗಿಬಿಡಬೇಕು. ಅತ್ತೆ ನಮ್ಮನ್ನು ಹತ್ತಿರ ಎಳೆದು, ಕಿವಿಗೆ ಬಾಯಿಟ್ಟು, “ಕೂಗ್ರೇ, ಯಾರಿಗೂ ಕೇಳಲ್ಲ!” ಎಂದರು. ಮೊದಲು ತಾವೇ ಹೋಗಿ, “ಏ ಮುದುಕಾ! ನಿನ್ನ ಗೊರಕೆಗೆ ಬೆಂಕಿ ಬೀಳ! ಮೂವತ್ತು ವರ್ಷ ಆಯ್ತು ನಾನು ನೆಟ್ಟಗೆ ನಿದ್ದೆ ಮಾಡಿ!” ಎಂದು ಕೂಗಿದರು. ಅವರ ಗಂಟಲಿಗೆ ಜರಿಯೂ ಸಾಲದು, ನಮಗೆ ಅರ್ಧ ಕೇಳಿಸಿತು. ಅಕ್ಕ ಏನೋ ಕೂಗಿ ತಾವೇ ನಾಚಿಕೊಂಡು ಬಂದರು. ನಾದಿನಿ ಹೋಗಿ ಎರಡು ಮುಷ್ಟಿ ಬಿಗಿದು ಕೂಗಿದಳು. ಆಕೆ ತಿರುಗುವ ಹೊತ್ತಿಗೆ ಅತ್ತೆ, “ಗೌರಿಬಿದನೂರಿನ ಗಂಡು ಬೇಡ್ವಾ? ಅದನ್ನ ಮನೇಲಿ ಹೇಳೋಕೇನೇ ಆಗಿತ್ತು ನಿಂಗೆ!” ಅಂದರು. ಹುಡುಗಿಯ ಬಾಯಿ ತೆರೆದಂತೆಯೇ ಉಳಿಯಿತು. ಯಾರಿಗೂ ಕೇಳುವುದಿಲ್ಲ ಎಂದದ್ದು ಅರ್ಧ ನಿಜ. ಅತ್ತೆಗೆ ಕೇಳುವುದು ಬೇಕಿರಲಿಲ್ಲ, ತುಟಿ ಕಂಡರೆ ಸಾಕಾಗಿತ್ತು.

ಆಮೇಲೆ ನನ್ನನ್ನು ತಳ್ಳಿದರು. “ಹೋಗೇ, ನಮ್ಮನೆ ಹುಳ! ಇವತ್ತಾದ್ರೂ ಬಾಯಿ ಬಿಡು. ಹೊಟ್ಟೇಲಿರೋದನ್ನ ಹೇಳ್ಬಿಡು ಅತ್ಲಾಗೆ!”

ನಾನು ನೀರಿನ ಮುಂದೆ ನಿಂತೆ. ಏನು ಕೂಗಲಿ? ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಅಷ್ಟರಲ್ಲಿ ಹಿಂದಿನ ಸಂಜೆಯಿಂದ ಗಂಟಲಲ್ಲಿ ಕೂತಿದ್ದದ್ದು ತಾನಾಗಿಯೇ ಹೊರಗೆ ಬಂತು. ನನ್ನ ಜೀವನದಲ್ಲೇ ಅಷ್ಟು ಗಟ್ಟಿಯಾಗಿ ನಾನು ಕೂಗಿರಲಿಲ್ಲ. “ಅತ್ತೇ! ಮೂಲೆ ತಟ್ಟೆ ನಿನ್ನೆ ಮಧ್ಯಾಹ್ನಾನೇ ಕೂತ್ವು! ಇವತ್ತು ಸಂಜೆಗೇ ಏಳ್ತವೆ! ನಾನು ಹೇಳ್ಲಿಲ್ಲ!”

ತಿರುಗಿದೆ. ಅತ್ತೆ ಪಕ್ಕದಲ್ಲೇ ನಿಂತಿದ್ದರು. ನನ್ನ ತುಟಿ ನೋಡುತ್ತಿದ್ದರು. ಅವರ ನಗು ನಿಧಾನವಾಗಿ ಇಳಿಯಿತು. ತಲೆ ಎತ್ತಿ ಮೋಡದೊಳಗೆ ಹೊತ್ತು ಎಲ್ಲಿದೆ ಎಂದು ಹುಡುಕಿದರು. ನೆತ್ತಿ ದಾಟಿತ್ತು.

“ಪದಂಡೇ!” ಎಂದರು. ಈ ಸಲ ಚಪ್ಪಾಳೆ ಇರಲಿಲ್ಲ.

ಬುತ್ತಿ ಬಿಚ್ಚಲಿಲ್ಲ. ಸೀರೆ ಬದಲಿಸಲಿಲ್ಲ. ಒದ್ದೆ ಸೀರೆಯಲ್ಲೇ ಬಂಡೆ ಇಳಿದು ಓಡಿದೆವು. ಎತ್ತು ಕಟ್ಟುವ ಹೊತ್ತಿಗೆ ಮಳೆ ಶುರುವಾಯಿತು. ಅತ್ತೆ ಮೂಕಿಯ ಮೇಲೆ ನಿಂತೇ ಗಾಡಿ ಹೊಡೆದರು. ಹಳ್ಳಗಳಲ್ಲಿ ಕೆಂಪು ನೀರು ಚಕ್ರದ ಅರ್ಧಕ್ಕೆ ಬರುತ್ತಿತ್ತು, ಗಾಡಿ ವಾಲಿದಾಗಲೆಲ್ಲ ನಾವು ಕಿರುಚುತ್ತಿದ್ದೆವು. ಹೆದರಿಕೆಯೋ ಖುಷಿಯೋ ನಮಗೇ ತಿಳಿಯದು. ನಾನು ಕಮಾನಿನ ಮೂಲೆಯಲ್ಲಿ ಅಳುತ್ತಾ ಕೂತಿದ್ದೆ. ಬೆಳೆ ಕೆಟ್ಟರೆ ಕೆಟ್ಟಿತು, ಮುಂದಿನ ವರ್ಷವೂ ಬಂದೀತು. ಆದರೆ ಅತ್ತೆಯ ಆ ಒಂದು ದಿನವನ್ನು ನಾನು ಬಂದ ಎರಡೇ ವರ್ಷಕ್ಕೆ ತಿಂದುಹಾಕಿದೆನಲ್ಲ ಎಂದು ದುಃಖ.

ಅತ್ತೆ ಹಿಂದೆ ತಿರುಗದೆಯೇ ಕೂಗಿದರು: “ಅಳೋದೆಲ್ಲ ಆಮೇಲೆ! ಅಲ್ಲ ಕಣೇ ತಾಯಿ, ಈ ಒಂದು ಮಾತು ಹೇಳೋಕೆ ನಿಂಗೆ ಆರು ಮೈಲಿ ಬೇಕಾಯ್ತಲ್ಲೇ! ಇನ್ಮೇಲೆ ಅಡಿಗೆ ಮನೆಯಿಂದ ನಡುಮನೆಗೆ ಬಂದು ಹೇಳು, ಸಾಕು!” ಅಕ್ಕ ಮೊದಲು ನಕ್ಕರು, ಆಮೇಲೆ ನಾದಿನಿ, ಆಮೇಲೆ ಅಳುತ್ತಲೇ ನಾನು.

ಮನೆ ಮುಟ್ಟಿದಾಗ ಮಳೆ ನಿಂತಿತ್ತು, ಇನ್ನೂ ಬೆಳಕಿತ್ತು. ಮಾವ ಜಗಲಿಯ ಮೇಲೆ ಕೂತಿದ್ದರು. “ಏನು, ಇಷ್ಟು ಬೇಗ? ಜರಿ ಹೆಂಗಿತ್ತು?” ಎಂದರು. “ರಾತ್ರಿ ನಮ್ಮನೇಲಿ ಆಗೋಷ್ಟು ಸದ್ದಿರ್ಲಿಲ್ಲ ಬಿಡಿ,” ಎಂದು ಅತ್ತೆ ಒಳಗೆ ಹೋದರು.

ಮೂಲೆಯ ತಟ್ಟೆಗಳಲ್ಲಿ ಹುಳ ಏಳುತ್ತಿದ್ದವು. ಮುಕ್ಕಾಲು ಭಾಗ ಹಳೆ ಚರ್ಮ ಬಿಟ್ಟು ಹೊಸ ಮೂತಿ ಎತ್ತಿ ಆಚೀಚೆ ಹುಡುಕುತ್ತಿದ್ದವು. ಕೆಲವು ಅಂಚಿಗೆ ಬಂದಿದ್ದವು. ಅತ್ತೆ ಬಗ್ಗಿ ಮೆಲ್ಲನೆ ಊದಿದರು. ಎದ್ದವು ತಲೆ ಅಲ್ಲಾಡಿಸಿದವು. “ಉಳಿದವೂ ಏಳೋಕೆ ಇನ್ನೊಂದು ಗಳಿಗೆ. ಅಷ್ಟ್ರಲ್ಲಿ ಸೊಪ್ಪು ಬೇಕು,” ಎಂದರು. ಸೊಪ್ಪು ಮನೆಯಲ್ಲಿ ಒಂದು ಹಿಡಿಯೂ ಇರಲಿಲ್ಲ. ಕೊಯ್ಯುವುದನ್ನು ನಾಳೆಗೆಂದು ಬಿಟ್ಟಿದ್ದೆವು. ತೋಟದಲ್ಲಿ ಎಲೆ ಎಲೆಯಲ್ಲೂ ನೀರು ತೊಟ್ಟಿಕ್ಕುತ್ತಿತ್ತು. ಒದ್ದೆ ಸೊಪ್ಪು ತಿಂದರೆ ಹುಳಕ್ಕೆ ಭೇದಿಯಾಗಿ ಮೂರು ದಿನದಲ್ಲಿ ತಟ್ಟೆಗೆ ತಟ್ಟೆ ಕೊಳೆಯುತ್ತದೆ. ಎರಡು ವರ್ಷದ ಹಿಂದೆ ಬೆಳೆ ಕೆಟ್ಟದ್ದೂ ಹಾಗೇ. ಹಾಕಿದರೂ ಕಷ್ಟ, ಹಾಕದಿದ್ದರೂ ಕಷ್ಟ.

ಅತ್ತೆ ಒಂದು ಕ್ಷಣ ಆ ಹೆಬ್ಬೆರಳ ಉಗುರನ್ನು ಹಲ್ಲಿನಲ್ಲಿ ಕಚ್ಚಿ ನಿಂತರು. ಆಮೇಲೆ, “ಗಾಡೀಲಿರೋ ಸೀರೆ ಗಂಟು ತರ್ರೇ!” ಎಂದರು.

ಎಲ್ಲರೂ ತೋಟಕ್ಕೆ ಓಡಿ ಸೊಪ್ಪು ಚಿವುಟಿ ಬುಟ್ಟಿಗಟ್ಟಲೆ ತಂದೆವು. ಹಜಾರದಲ್ಲಿ ಸುತ್ತ ಕೂತೆವು. ನಾವು ಆರು ಜನವೂ ಜರಿಯ ನೀರಲ್ಲಿ, ಮಳೆಯ ನೀರಲ್ಲಿ ನೆಂದು ನಡುಗುತ್ತಿದ್ದೆವು. ಒಣಗಿದ ಬಟ್ಟೆ ಅಂತ ಇದ್ದದ್ದು ಆ ಒಳ್ಳೆಯ ಸೀರೆಗಳೇ. ಪೆಟ್ಟಿಗೆಯ ಹಳೆ ಬಟ್ಟೆಯೆಲ್ಲ ಹಿಂದಿನ ದಿನ ಒಗೆದು ಹರವಿ ಮಳೆಯಲ್ಲಿ ನೆಂದಿತ್ತು. ಒಂದೊಂದು ಎಲೆಯನ್ನೂ ತೆಗೆದು ಈ ಮಗ್ಗುಲು ಒರೆಸಿ, ಆ ಮಗ್ಗುಲು ಒರೆಸಿ, ಮೊರಕ್ಕೆ ಹಾಕಿದೆವು. ಪಕ್ಕದ ಮನೆಯವರೂ ಗಂಟಿನಲ್ಲಿದ್ದ ತಮ್ಮ ಸೀರೆಯ ಮಡಿಕೆ ಬಿಚ್ಚಿ ಕೊಟ್ಟರು. ಒಬ್ಬರು, “ನಮ್ಮ ಮೈಗೆ ಹತ್ತದ ಸೀರೆ ಎಲೆಗೆ ಹತ್ತಿತು ನೋಡಮ್ಮ,” ಅಂದರೆ, ಅತ್ತೆ, “ಎಲೆ ಪುಣ್ಯ ಮಾಡಿತ್ತು, ಒರೆಸು ಬೇಗ,” ಅಂದರು. ನನ್ನ ಕೆನೆ ಬಣ್ಣದ ಸೀರೆಗೆ ಹಸಿರು ಕಲೆ ಹತ್ತುತ್ತಾ ಹೋಯಿತು. ಬೇಸರವಾಗಲಿಲ್ಲ. ಕೈಗೆ ಬಿಡುವಿರಲಿಲ್ಲ.

ಹೊಸ್ತಿಲಲ್ಲಿ ನೆರಳು ಬಿತ್ತು. ಮಾವ. “ಏನಿದು? ಹುಳ ಈಗಲೇ ಎದ್ವಾ? ನಿನ್ನೆ ಯಾರು ನೋಡಿದ್ದು ತಟ್ಟೆ?”

ಅತ್ತೆ ಎಲೆ ಒರೆಸುತ್ತಲೇ, “ನಾನೇ...” ಎಂದು ಶುರುಮಾಡಿದರು.

ನನ್ನ ಕಿವಿಯಲ್ಲಿ ಜರಿಯ ಸದ್ದು ಇನ್ನೂ ತುಂಬಿಕೊಂಡಿತ್ತು. ನನ್ನ ದನಿ ಎಷ್ಟು ದೊಡ್ಡದು ಎಂಬ ಅಂದಾಜೇ ಇರಲಿಲ್ಲ. “ನಾನು ನೋಡಿದ್ದು ಮಾವಾ! ಗೊತ್ತಿತ್ತು! ನಾನೇ ಹೇಳ್ಲಿಲ್ಲ! ಅತ್ತೇದೇನೂ ತಪ್ಪಿಲ್ಲ! ಅವ್ರನ್ನ ಜರಿಗೆ ಹೋಗ್ಬೇಡಿ ಅನ್ಬೇಡಿ!” ಎಂದು ಮನೆಯ ಹೆಂಚು ಹಾರುವಂತೆ ಕೂಗಿದೆ.

ಮಾವ ಒಂದು ಹೆಜ್ಜೆ ಹಿಂದೆ ಸರಿದರು. ನನ್ನನ್ನೇ ನೋಡಿ, ಆಮೇಲೆ ಅತ್ತೆಯನ್ನು ನೋಡಿ, “ಇದಕ್ಕೆ ಮಾತು ಬರ್ತದಾ!” ಎಂದರು. “ಬರ್ತದೆ. ನೀರು ತೋರಿಸ್ಬೇಕು,” ಅಂದರು ಅತ್ತೆ. ಮಾವ ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗೆ ಅವರ ತೋಳು ಮಾತ್ರ ಬಂತು. ಕೈಯಲ್ಲಿ ಅವರು ಹಬ್ಬಕ್ಕೆಂದು ತೆಗೆದಿಟ್ಟಿದ್ದ ಒಗೆದ ಪಂಚೆ. “ಇದೂ ಒಣಗಿದೆ,” ಎಂದು ಹೊಸ್ತಿಲ ಮೇಲಿಟ್ಟು ಹೋದರು.

ದೀಪ ಹಚ್ಚುವ ಹೊತ್ತಿಗೆ ಮೂಲೆಯ ಹುಳವೆಲ್ಲ ಎದ್ದಿದ್ದವು. ಅತ್ತೆ ನನ್ನ ಕೈಯಲ್ಲೇ ಸೊಪ್ಪು ಹಾಕಿಸಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಎಲೆಯ ಅಂಚುಗಳಿಂದ ಸಣ್ಣಗೆ ಸದ್ದು ಎದ್ದಿತು, ಮಾಡಿನ ಮೇಲೆ ತುಂತುರು ಬಿದ್ದ ಹಾಗೆ. ಅತ್ತೆ ಕಣ್ಣು ಮುಚ್ಚಿ ಕೇಳುತ್ತಾ, “ಇದೂ ಜರೀನೇ ಕಣೇ, ಸಣ್ಣದು,” ಎಂದರು. ಆಮೇಲೆ ನಾವು ಗಾಡಿಯಲ್ಲಿದ್ದ ಬುತ್ತಿ ಬಿಚ್ಚಿ ತಿಂದೆವು. ಜರಿಯ ಹತ್ತಿರ ತಿಂದಿದ್ದರೆ ಅಷ್ಟು ರುಚಿ ಇರುತ್ತಿತ್ತೋ ಇಲ್ಲವೋ.

ಆ ಸಲ ಒಂದು ತಟ್ಟೆಯೂ ಕೆಡಲಿಲ್ಲ. ನಾದಿನಿಯ ಗೌರಿಬಿದನೂರಿನ ಸಂಬಂಧವನ್ನು ಅತ್ತೆ ಆ ವಾರವೇ ಬೇಡವೆಂದು ಹೇಳಿ ಕಳಿಸಿದರು, ಕಾರಣ ಕೇಳಿದ ಮಾವನಿಗೆ “ನಂಗೆ ಗೊತ್ತು” ಅಂದರು. ನನ್ನ ಸೀರೆಯ ಕಲೆ ಹೋಗಲೇ ಇಲ್ಲ. ಅದರಲ್ಲಿ ನಿಮ್ಮ ಅಪ್ಪನಿಗೆ ಜೋಲಿ ಕಟ್ಟಿದೆ. ಮುಂದಿನ ವರ್ಷ ಉತ್ತರೆ ಮಳೆ ಹಿಡಿದು ಹುಳ ಮೂರನೇ ಜ್ವರ ಮುಗಿಸಿದ್ದವು. ಒಂದು ಬೆಳಿಗ್ಗೆ ಕಸ ಗುಡಿಸಲು ಅಂಗಳಕ್ಕೆ ಹೋದರೆ ಮಾವ ಗಾಡಿಯ ಚಕ್ರ ಕಳಚಿ ಅಚ್ಚಿಗೆ ಕೀಲೆಣ್ಣೆ ಹಾಕುತ್ತಾ ಕೂತಿದ್ದರು. ನನ್ನ ಕಡೆ ನೋಡದೆಯೇ, “ನಿಮ್ಮತ್ತೆಗೆ ಹೇಳಮ್ಮ, ಗಾಡಿ ಸರಿಯಾಗಿದೆ,” ಎಂದರು. ನಾನು ಅಂಗಳದಿಂದಲೇ ಕೂಗಿ ಹೇಳಿದೆ.

ಆಮೇಲೆ ಮಳೆಯಾದ ವರ್ಷಗಳಲ್ಲೆಲ್ಲ ಹೋದೆವು. ಮೂಲೆಯ ತಟ್ಟೆ ನೋಡುವುದು ನನ್ನ ಕೆಲಸವಾಯಿತು. ಯಾರಾದರೂ ಮಾತು ನುಂಗಿ ನಿಂತರೆ ಅತ್ತೆ, “ಹೇಳ್ಬಿಡು ಅತ್ಲಾಗೆ, ಆರು ಮೈಲಿ ಹೋಗೋದು ಬೇಡ,” ಅನ್ನುತ್ತಿದ್ದರು. ಬೀದಿಯವರಿಗೂ ಆ ಮಾತು ಹತ್ತಿತು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅವರ ಕಿವಿ ಪೂರ್ತಿ ಹೋಗಿತ್ತು. ನಾನು ಸದ್ದಿಲ್ಲದೆ ತುಟಿ ಆಡಿಸಿದರೂ ಅವರಿಗೆ ತಿಳಿಯುತ್ತಿತ್ತು. ನನ್ನಂಥವಳಿಗೆ ಅದು ಎಷ್ಟು ಅನುಕೂಲ! ಆದರೂ ನಾನು ಅವರಿಗೆ ಕೂಗಿಯೇ ಹೇಳುತ್ತಿದ್ದೆ.

ಕೊನೆಯ ವರ್ಷ ಮಳೆಗಾಲಕ್ಕೆ ಅವರು ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಹೊರಗೆ ಜೋರು ಮಳೆ. ನನ್ನ ಕೈಯನ್ನು ಆ ಹಸಿರು ಉಗುರಿನಿಂದ ಮೆಲ್ಲಗೆ ಚಿವುಟಿ ಕೇಳಿದರು: “ಎಲ್ಲಾ ಕೂತ್ವೇನೇ?”

ನಾನು ಹೂಂ ಅನ್ನಲಿಲ್ಲ. ಎದ್ದು ಹೋಗಿ ಒಂದೊಂದೇ ತಟ್ಟೆ ನೋಡಿದೆ. ಆವತ್ತು ಹುಳ ನಿಜವಾಗಿಯೂ ನಾಲ್ಕನೇ ಜ್ವರದಲ್ಲಿದ್ದವು. ಮೂಲೆಯಲ್ಲಿ ಬಗ್ಗಿ ಊದಿ ನೋಡಿದೆ. ಬಂದು ಅವರ ಮುಖದ ಹತ್ತಿರ ಕೂತು ಹೇಳಿದೆ: “ಎಲ್ಲಾ ಬೆಳಿಗ್ಗೆ ಕೂತಿವೆ ಅತ್ತೆ. ಮೂಲೆ ತಟ್ಟೆನೂ ನೋಡ್ದೆ. ನಾಳೆವರೆಗೂ ಏಳಲ್ಲ. ಹೊತ್ತಿದೆ.”

ಅವರು ನನ್ನ ತುಟಿ ನೋಡುತ್ತಿದ್ದರು. ನಕ್ಕರು. “ಪದಂಡೇ,” ಎಂದು ತುಟಿ ಆಡಿಸಿದರು, ದನಿ ಬರಲಿಲ್ಲ. ಈ ಸಲ ಓದಿಕೊಂಡವಳು ನಾನು.

ಸಂಜೆಗೆ ಮೊದಲು ಹೋದರು. ಹುಳ ಸಾಕುವ ಮನೆಯಲ್ಲಿ ಯಾರಿಗೂ ತೊಂದರೆಯಾಗದಂತೆ, ಇರುವ ಒಂದೇ ಬಿಡುವಿನ ದಿನ ನೋಡಿಕೊಂಡು ಹೊರಟರು. ಎಲ್ಲ ಮುಗಿಸಿ, ತಲೆಗೆ ನೀರು ಹುಯ್ದುಕೊಂಡು ಮನೆಯೊಳಗೆ ಬಂದಾಗ ಮರುದಿನ ಹೊತ್ತು ಏರಿತ್ತು. ಮೂಲೆಯ ತಟ್ಟೆಯಲ್ಲಿ ಹುಳ ಮೂತಿ ಎತ್ತಿ ಹುಡುಕುತ್ತಿದ್ದವು. ಅಕ್ಕ ಗೋಡೆಗೊರಗಿ ಕೂತಿದ್ದರು. “ಅಕ್ಕಾ, ಎದ್ದಿವೆ!” ಎಂದು ನಾನು ಕೂಗಿದೆ. ಇಬ್ಬರೂ ತೋಟಕ್ಕೆ ಹೋಗಿ ಸೊಪ್ಪು ತಂದು, ಒಂದೊಂದು ಎಲೆಯನ್ನೂ ಎರಡು ಮಗ್ಗುಲು ಒರೆಸಿ ಹಾಕಿದೆವು. ಆಮೇಲೆ ತಟ್ಟೆಗಳಿಂದ ಆ ಸಣ್ಣ ಜರಿ ಬೀಳತೊಡಗಿತು.